ರೀಲುನಿರ್ಣಯ ದೀಪಿಕೆ, ಅಥವಾ ಅಳಿವೆಯ ಬಂಡೆ ಮೇಲೆ ಕೂತು ಬರೆದ ಶಾಸ್ತ್ರಗ್ರಂಥ

ಗ್ರಂಥಾವತಾರ

ಶಾಸ್ತ್ರ ಬರೆಯಹೊರಟವನು ಮೊದಲು ನಾಲ್ಕು ಪ್ರಶ್ನೆಗಳಿಗೆ ಉತ್ತರ ಕೊಡಬೇಕೆಂಬುದು ಹಿರಿಯರ ಕಟ್ಟಳೆ. ವಿಷಯವೇನು, ಪ್ರಯೋಜನವೇನು, ಓದಲು ಅಧಿಕಾರಿ ಯಾರು, ಇವಕ್ಕೆಲ್ಲ ಸಂಬಂಧವೇನು.

ವಿಷಯ: ಕಡಲ ದಡದಲ್ಲಿ, ಹೆಚ್ಚೆಂದರೆ ಮೊಣಕಾಲುದ್ದ ನೀರಿನಲ್ಲಿ, ನಿಂತು ಗಾಳ ಹಾಕುವವನು ಎಂಥ ಸ್ಪಿನ್ನಿಂಗ್ ರೀಲು ಕೊಳ್ಳಬೇಕು. ಪ್ರಯೋಜನ: 'ಮೀನು' ಎಂದು ಬರೆದಿದ್ದೆ. ಹಸ್ತಪ್ರತಿ ಓದಿದ ಮನೆಯವರು ಅದರ ಪಕ್ಕ ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾರೆ. ಪಾಠಾಂತರವೆಂದು ಅದನ್ನೂ ಉಳಿಸಿಕೊಂಡಿದ್ದೇನೆ. ಅಧಿಕಾರಿ: ಕೈಯಲ್ಲಿ ಈಗಾಗಲೇ ಒಂದು ರೀಲಿದ್ದು, ಅದು ಸಾಲದು ಎಂಬ ಜ್ಞಾನೋದಯವಾಗಿ, ಇನ್ನೊಂದರ ಮೇಲೆ ಕಣ್ಣಿಟ್ಟವನು. ರೀಲೇ ಇಲ್ಲದವನಿಗೆ ಈ ಶಾಸ್ತ್ರದಲ್ಲಿ ಪ್ರವೇಶವಿಲ್ಲ. ಅವನು ಸುಖವಾಗಿದ್ದಾನೆ, ಹಾಗೇ ಇರಲಿ. ಸಂಬಂಧ: ಹಳಸಿದೆ, ಬ್ಯಾಂಕಿನೊಂದಿಗೂ, ಮನೆಯೊಳಗೂ.

ಮೂಲಗ್ರಂಥದಲ್ಲಿ ಹದಿನಾಲ್ಕು ಸೂತ್ರಗಳಿದ್ದವು. ಕುಂದಾಪುರದ ಕೋಡಿಯಲ್ಲಿ ಒಂದು ಸಂಜೆ, ಭರತ ಏರುವ ಹೊತ್ತಿಗೆ, ಟಿಪ್ಪಣಿ ಪುಸ್ತಕ ಅಂಗಿ ಜೇಬಿನಿಂದ ಜಾರಿ ತಡೆಗೋಡೆಯ ಬಂಡೆಗಳ ಸಂದಿಗೆ ಬಿತ್ತು. ಬಗ್ಗಿ ಎತ್ತಿಕೊಂಡು, ಮನೆಯ ಹಂಚಿನ ಮಾಡಿನ ಮೇಲೆ ಒಣಗಿಸಿದಾಗ ಓದಲು ಬಂದವು ನಾಲ್ಕೇ ಸೂತ್ರಗಳು. ಉಳಿದವುಗಳ ಬಗ್ಗೆ ವಿದ್ವಾಂಸರು ಮುಂದೆ ಜಗಳವಾಡಲಿ ಎಂದು ಕ್ರಮಸಂಖ್ಯೆಯನ್ನು ತಿದ್ದದೆ ಬಿಟ್ಟಿದ್ದೇನೆ.

ಪದನಿಷ್ಪತ್ತಿ

ಕನ್ನಡದಲ್ಲಿ 'ರೀಲು' ಎಂಬುದಕ್ಕೆ ನಾಲ್ಕು ರೂಢಾರ್ಥಗಳಿವೆ. ದರ್ಜಿಯ ಮೇಜಿನ ಮೇಲಿನ ನೂಲಿನ ಉಂಡೆ ಮೊದಲನೆಯದು. ಟೆಂಟ್ ಸಿನಿಮಾದ ಕಾಲದಲ್ಲಿ ಸೈಕಲ್ ಕ್ಯಾರಿಯರಿನ ಮೇಲೆ ಊರಿಂದೂರಿಗೆ ಓಡುತ್ತಿದ್ದ ತಗಡಿನ ಡಬ್ಬಿಯೊಳಗಿನದು ಎರಡನೆಯದು. ಈಗಿನ ಮಕ್ಕಳು ಊಟದ ತಟ್ಟೆಯ ಮುಂದೆ ಹೆಬ್ಬೆರಳಿನಿಂದ ಮೇಲೆ ತಳ್ಳುತ್ತಿರುವುದು ಮೂರನೆಯದು. ನಾಲ್ಕನೆಯದು 'ಬಿಡು' ಧಾತುವನ್ನು ಬಿಟ್ಟು ಇರಲಾರದು: ರೀಲು ಬಿಡುವುದು. ಐದನೆಯದಾದ ಗಾಳದ ರೀಲು ನಮ್ಮಲ್ಲಿಗೆ ತಡವಾಗಿ ಬಂತು. ಆದರೆ ಬಂದ ದಿನವೇ ನಾಲ್ಕನೆಯದರ ಜತೆ ಸಂಸಾರ ಹೂಡಿತು. ಎಸೆಯುವಾಗ ದಾರ ಬಿಡುತ್ತದೆ, ಎಳೆಯುವಾಗ ಸುತ್ತುತ್ತದೆ, ಮನೆಗೆ ಬಂದ ಮೇಲೆ ಮತ್ತೆ ಬಿಡುತ್ತದೆ. ಒಂದೇ ಯಂತ್ರ, ಮೂರು ಕ್ರಿಯೆ.

'ಸ್ಪಿನ್ನಿಂಗ್' ಎಂದರೆ ನೂಲುವುದು. ಇದನ್ನು ರೂಪಕವೆಂದು ತಿಳಿಯಬಾರದು, ವಂಶಾವಳಿ. ಇಂಗ್ಲೆಂಡಿನ ಬ್ರ್ಯಾಡ್‌ಫರ್ಡ್ ಉಣ್ಣೆ ಗಿರಣಿಗಳ ಊರು. ಅಲ್ಲಿನ ಆಲ್ಫ್ರೆಡ್ ಹೋಲ್ಡನ್ ಇಲ್ಲಿಂಗ್‌ವರ್ತ್ 1905ರಲ್ಲಿ ಪೇಟೆಂಟ್ ಪಡೆದ ರೀಲೇ ಇಂದಿನ ಸ್ಪಿನ್ನಿಂಗ್ ರೀಲುಗಳ ಕುಲಕ್ಕೆ ಮೂಲಪುರುಷ. ಅದಕ್ಕೆ ಮೊದಲು ದಾರ ಹೊರಗೆ ಹೋಗಬೇಕಾದರೆ ಸಾಮಾನ್ಯವಾಗಿ ಗಾಲಿಯೇ ಉರುಳಬೇಕಿತ್ತು. ಹಗುರದ ಎರೆ ಎಸೆದರೆ ಗಾಲಿ ಕದಲದು; ಕದಲಿತೋ, ನಿಲ್ಲದು; ನಿಲ್ಲಲಿಲ್ಲವೋ, ದಾರ ಸಿಕ್ಕುಸಿಕ್ಕಾಗಿ ಬೆಕ್ಕು ಆಡಿದ ಉಲ್ಲನ್ ಉಂಡೆಯಂತಾಗುತ್ತಿತ್ತು. ಗಿರಣಿಯ ಕದಿರಿನಲ್ಲಿ ಹಾಗಲ್ಲ. ಸುರುಳಿ ಅಲುಗದೆ ನಿಂತಿರುತ್ತದೆ, ನೂಲು ಅದರ ತುದಿಯ ಮೇಲಿಂದ ಕಳಚಿಕೊಳ್ಳುತ್ತಾ ಹೋಗುತ್ತದೆ. ಅದೇ ಉಪಾಯವನ್ನು ನದಿ ದಂಡೆಗೆ ತಂದದ್ದು ಇಲ್ಲಿಂಗ್‌ವರ್ತನ ರೀಲು. ಎಸೆಯುವಾಗ ಸುರುಳಿ ತಿರುಗದು. ಸುತ್ತುವಾಗ ಅದರ ಸುತ್ತ ಒಂದು ತೋಳು ಪ್ರದಕ್ಷಿಣೆ ಬರುತ್ತದೆ. ದೇವರು ಕೂತಲ್ಲೇ, ಭಕ್ತ ಸುತ್ತುವುದು. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಗ್ರಂಥದ ಕೊನೆಯಲ್ಲಿ ಒಬ್ಬ ಅಜ್ಜ ಇದನ್ನೇ ನನ್ನ ಮುಖಕ್ಕೆ ಹೊಡೆಯಲಿದ್ದಾರೆ.

ಪೂರ್ವಾಚಾರ್ಯರು

ಗಾಳಶಾಸ್ತ್ರದಲ್ಲಿ ನಮ್ಮ ಆದ್ಯ ಆಚಾರ್ಯ ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ. ಹನ್ನೆರಡನೆಯ ಶತಮಾನದ ಅವನ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ರಾಜರ ವಿನೋದಗಳ ಸಾಲಿನಲ್ಲಿ 'ಮತ್ಸ್ಯವಿನೋದ'ವೆಂಬ ಭಾಗವೇ ಇದೆ. ಕಲ್ಯಾಣದಿಂದ ಕಡಲಿಗೆ ನೂರಾರು ಮೈಲಿ. ಆದರೂ ದೊರೆ ಸುಮಾರು ಮೂವತ್ತೈದು ಬಗೆಯ ಮೀನುಗಳನ್ನು ಹೆಸರಿಸಿ, ಅವು ಎಲ್ಲಿರುತ್ತವೆ, ಯಾವುದಕ್ಕೆ ಏನು ತಿನಿಸಿ ಪಳಗಿಸಬೇಕು ಎಂದು ವಿವರಿಸುತ್ತಾನೆ. ಕೋಲಿನ ಮಾತಿದೆ, ದಾರದ ಮಾತಿದೆ. ರೀಲಿನ ಮಾತಿಲ್ಲ.

ಇಲ್ಲಿ ಪೂರ್ವಪಕ್ಷ: ಆಗ ಅವನ ಬಳಿ ರೀಲೇ ಇರಲಿಲ್ಲ, ಇನ್ನು ಮಾತೆಲ್ಲಿಂದ ಬರಬೇಕು?

ಸಿದ್ಧಾಂತ: ಹೌದು, ಅದೇ ಅವನ ಪುಣ್ಯ. ಆರಿಸುವ ಕೆಲಸವಿರಲಿಲ್ಲವಾಗಿ ಮೀನುಗಳನ್ನು ನೋಡಲು ಪುರುಸೊತ್ತಿತ್ತು. ನನಗೆ ಹೆಸರು, ತೂಕ, ಹಲ್ಲುಚಕ್ರದ ಅನುಪಾತ ಸಮೇತ ಗೊತ್ತಿರುವ ರೀಲುಗಳು ಮೂವತ್ತೈದು; ಮೀನುಗಳು ಹನ್ನೊಂದು. ಆ ಹನ್ನೊಂದರಲ್ಲೂ ಎಂಟನ್ನು ನೋಡಿದ್ದು ಬಾಳೆಎಲೆಯ ಮೇಲೆ.

ಸೋಮೇಶ್ವರನ ಬಳಿಕ ಪರಂಪರೆ ಗೋತ್ರಗಳಾಗಿ ಒಡೆಯಿತು. ಜಪಾನಿನ ಸಕಾಯಿ ಊರಿನಲ್ಲಿ ಶಿಮಾನೋ ಎಂಬವರು 1921ರಲ್ಲಿ ಕಬ್ಬಿಣದ ಕೆಲಸದ ಅಂಗಡಿ ತೆರೆದು ಸೈಕಲ್ಲಿನ ಫ್ರೀವೀಲ್ ಮಾಡತೊಡಗಿದರು. ಮೀನಿನ ದಾರಿಗೆ ಬಂದದ್ದು 1970ರಲ್ಲಿ. ಅದೇ 1921ರಲ್ಲಿ ಸ್ವೀಡನ್ನಿನ ಸ್ವೆಂಗ್‌ಸ್ಟ ಎಂಬಲ್ಲಿ ಹುಟ್ಟಿದ ಆಬು ಕಂಪನಿ ಮೊದಲು ಮಾಡುತ್ತಿದ್ದುದರಲ್ಲಿ ಟ್ಯಾಕ್ಸಿ ಮೀಟರೂ ಒಂದು. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1932ರಲ್ಲಿ ಶುರುವಾದ ಪೆನ್ ಮಾತ್ರ ಹುಟ್ಟಿನಿಂದ ಕಡಲಿನವನು. ಹೀಗೆ ಒಂದು ಗೋತ್ರ ಸೈಕಲ್ಲಿನದು, ಒಂದು ಟ್ಯಾಕ್ಸಿಯದು. ಸೈಕಲ್ ಗೋತ್ರಕ್ಕೆ ಆಧಾರವಿದೆ. ಪೆಡಲು ಒಂದು ದಿಕ್ಕಿಗೆ ತುಳಿದರೆ ಹಿಡಿಯಬೇಕು, ಇನ್ನೊಂದು ದಿಕ್ಕಿಗೆ ಬಿಡಬೇಕು. ರೀಲಿನ ಹಿಡಿಯೂ ಹಿಂದಕ್ಕೆ ತಿರುಗದಂತೆ ಹಾಗೆಯೇ ಒಂದು ದಿಕ್ಕಿಗೆ ಕಚ್ಚಿ ನಿಲ್ಲಬೇಕು. ಟ್ಯಾಕ್ಸಿ ಗೋತ್ರದ ಲಕ್ಷಣವೂ ಅನುಭವಕ್ಕೆ ಬರುವಂಥದ್ದೇ: ನೀವು ನಿಂತಲ್ಲೇ ನಿಂತಿದ್ದರೂ ಮೀಟರು ಓಡುತ್ತಿರುತ್ತದೆ.

ಗಾತ್ರಪ್ರಕರಣ

ಸೂತ್ರ 1: ನಾಲ್ಕು ಸಾವಿರವೆಂಬುದು ನಾಲ್ಕು ಸಾವಿರವಲ್ಲ.

ವ್ಯಾಖ್ಯೆ: ರೀಲಿನ ಮೈಮೇಲೆ 1000, 2500, 3000, 4000, 5000 ಎಂದೆಲ್ಲ ಕೆತ್ತಿರುತ್ತದೆ. ಗ್ರಾಮೇ ಎಂದರೆ ಅಲ್ಲ. ಮೀಟರೇ ಎಂದರೆ ಅಲ್ಲ. ರೂಪಾಯಿಯೇ ಎಂದು ಕೇಳಿದರೆ ಅಂಗಡಿಯವರು ಕನಿಕರದಿಂದ ನೋಡುತ್ತಾರೆ. ಅದು ಗಾತ್ರದ ಗುರುತು ಮಾತ್ರ. ಅದೂ ಚಪ್ಪಲಿ ನಂಬರಿನಂತೆ. ಒಬ್ಬರ ಎಂಟು ಇನ್ನೊಬ್ಬರ ಒಂಬತ್ತು. ಹಳೆಯ 3000ದ ಒಡಲಿಗೇ ಹೊಸ ಹಗುರ ಸಾಲಿನಲ್ಲಿ 4000 ಎಂದು ನಾಮಕರಣ ಮಾಡಿದ ಕಂಪನಿಯೂ ಉಂಟು. ಆದುದರಿಂದ ನಂಬರು ಓದಿ ಕೊಳ್ಳುವವನು ಜಾತಕ ನೋಡಿ ಮದುವೆಯಾದಂತೆ. ಕೈಯಲ್ಲಿ ಹಿಡಿದು, ತೂಕವನ್ನೂ ದಾರ ಹಿಡಿಯುವ ಅಳತೆಯನ್ನೂ ಕೇಳಬೇಕು.

ನಿರ್ಣಯ: ನಮ್ಮ ಅಳಿವೆ, ತಡೆಗೋಡೆ, ಮರಳು ದಡಕ್ಕೆ 3000ದಿಂದ 4000ದ ನಡುವಿನದು ಸಾಕು. ಇಪ್ಪತ್ತು ಪೌಂಡಿನ ಹೆಣೆದ ದಾರ ಇನ್ನೂರು ಮೀಟರಿನಷ್ಟು ಹಿಡಿದರೆ ಆಯಿತು. ಕಾಣೆ ಮೀನಿಗಷ್ಟೇ ಹೋಗುವವರಿಗೆ 2500 ಕೂಡ ಹೆಚ್ಚೇ. ದೇವದತ್ತ (ಶಾಸ್ತ್ರಗಳಲ್ಲಿ ಎಲ್ಲ ಪೆಟ್ಟನ್ನೂ ತಿನ್ನುವ ಅದೇ ದೇವದತ್ತ) ಈ ಮಾತು ಕೇಳದೆ 8000ದ್ದು ತಂದ. "ದೊಡ್ಡದು ಬಿದ್ದರೆ?" ಎಂಬುದು ಅವನ ವಾದ. ಲೆಕ್ಕ ಹೀಗಿದೆ. 300 ಗ್ರಾಮಿನ ರೀಲನ್ನು ಒಂದು ಬೆಳಗಿನಲ್ಲಿ ಇನ್ನೂರು ಸಲ ಬೀಸಿದರೆ 60 ಕಿಲೋ ಎತ್ತಿದಂತೆ. 600 ಗ್ರಾಮಿನದಾದರೆ 120 ಕಿಲೋ, ಅಂದರೆ ಎರಡು ಮೂಟೆ ಅಕ್ಕಿ ಮತ್ತು ಮೇಲಿಷ್ಟು. ಹತ್ತು ಗಂಟೆಗೆ ದೊಡ್ಡದು ಬಂದಾಗ ದೇವದತ್ತ ರಾಡನ್ನು ಬಂಡೆಗೆ ಒರಗಿಸಿ ಭುಜಕ್ಕೆ ಮುಲಾಮು ತಿಕ್ಕಿಕೊಳ್ಳುತ್ತಿದ್ದ.

ಹಲ್ಲುಚಕ್ರದ ಅನುಪಾತದ ಬಗ್ಗೆಯೂ ಇಲ್ಲಿಯೇ ಹೇಳಿಬಿಡುತ್ತೇನೆ. 6.2:1 ಎಂದರೆ ಹಿಡಿ ಒಂದು ಸುತ್ತು ಬಂದಾಗ ತೋಳು ಆರೂ ಚಿಲ್ಲರೆ ಸುತ್ತು ಬರುತ್ತದೆ. ಸುರುಳಿಯ ಅಡ್ಡಳತೆ 5 ಸೆಂಟಿಮೀಟರಾದರೆ ಒಂದು ಸುತ್ತಿಗೆ 15.7; ಗುಣಿಸಿದರೆ 97 ಸೆಂಟಿಮೀಟರು. ಹೂವಿನವಳ ಲೆಕ್ಕದಲ್ಲಿ ಎರಡು ಮೊಳ, ಕೊಸರು ಸೇರಿ. ವೇಗವಾಗಿ ಓಡಿಸಬೇಕಾದ ತಗಡಿನ ಎರೆಗೆ ಇದು ಒಳ್ಳೆಯದು. ನಿಧಾನಕ್ಕೆ ಎಳೆಯುವುದಾದರೆ 5ರ ಆಸುಪಾಸಿನದು ಬಲ ಹೆಚ್ಚು ಕೊಡುತ್ತದೆ. ಇನ್ನೂ ನಿಧಾನ ಬೇಕೆಂದರೆ ಯಾವ ರೀಲನ್ನಾದರೂ ನಿಧಾನವಾಗಿ ತಿರುಗಿಸಬಹುದು ಎಂಬ ಸತ್ಯವನ್ನು ಕಂಪನಿಗಳು ಡಬ್ಬಿಯ ಮೇಲೆ ಅಚ್ಚು ಹಾಕುವುದಿಲ್ಲ.

ಸಾಂಖ್ಯಮತ ವಿಚಾರ

ಬೇರಿಂಗ್ ಎಣಿಸುವವರನ್ನು ಸಾಂಖ್ಯರು ಎನ್ನುತ್ತೇವೆ. ಕಪಿಲರ ಅನುಯಾಯಿಗಳು ಇಪ್ಪತ್ತನಾಲ್ಕು ತತ್ತ್ವಗಳನ್ನು ಎಣಿಸಿ, ಮೇಲೊಂದು ಪುರುಷ ಎಂದು ಸೇರಿಸಿ ಇಪ್ಪತ್ತೈದಕ್ಕೆ ನಿಲ್ಲಿಸಿದರು. ರೀಲಿನ ಡಬ್ಬಿಯ ಮೇಲೂ ಅದೇ ಪದ್ಧತಿ: '5+1', '10+1'. ಆ '+1' ಸಾಮಾನ್ಯವಾಗಿ ಹಿಡಿ ಹಿಂದಕ್ಕೆ ತಿರುಗದಂತೆ ತಡೆಯುವ ಒಂದೇ ದಿಕ್ಕಿನ ಬೇರಿಂಗು. ಸಾಂಖ್ಯರ ಪುರುಷನಂತೆ ಅದು ತಾನು ಸುತ್ತುವ ಕೆಲಸ ಮಾಡದು, ಬೇಡದ ದಿಕ್ಕಿನ ಸುತ್ತನ್ನು ತಡೆದು ಸಾಕ್ಷಿಯಾಗಿರುತ್ತದೆ.

ಖಂಡನೆ: ಹನ್ನೊಂದು ಬೇರಿಂಗಿದ್ದರೆ ತುಕ್ಕು ಹಿಡಿಯಲು ಹನ್ನೊಂದು ಜಾಗ. ಎಣಿಕೆಗಿಂತ ನೋಡಬೇಕಾದ್ದು ಒಂದೇ ಒಂದನ್ನು, ತೋಳಿನ ತುದಿಯಲ್ಲಿ ದಾರ ಹಾದುಬರುವ ಸಣ್ಣ ಉರುಳೆಯೊಳಗಿನದನ್ನು. ಒದ್ದೆ ದಾರದ ಉಪ್ಪುನೀರೆಲ್ಲ ಮೊದಲು ಹಿಂಡಿಕೊಳ್ಳುವುದು ಅದರ ಮೇಲೆ. ಸಾಯುವುದೂ ಅದೇ ಮೊದಲು. ಅಂಗಡಿಯಲ್ಲಿ ಬೆರಳಿನಿಂದ ಅದನ್ನು ಉರುಳಿಸಿ ನೋಡುವ ಗಿರಾಕಿಗೆ ಅಂಗಡಿಯವರು ಚಹಾ ತರಿಸಬೇಕು.

ಬಿಗಿಸಡಿಲಪ್ರಕರಣ

ಸೂತ್ರ 4: ಹನ್ನೊಂದರಲ್ಲಿ ಮೂರು ನಿನ್ನದು, ಎಂಟು ಡಬ್ಬಿಯದು.

ವ್ಯಾಖ್ಯೆ: ಮೀನು ಜೋರಾಗಿ ಎಳೆದಾಗ ದಾರ ತುಂಡಾಗುವ ಮೊದಲು ಸುರುಳಿ ಜಾರಿ ದಾರ ಬಿಟ್ಟುಕೊಡಬೇಕು. ಸುರುಳಿಯ ತಲೆಯ ಮೇಲಿನ ಗುಂಡಿ ತಿರುಗಿಸಿದರೆ ಒಳಗಿನ ಬಿಲ್ಲೆಗಳು ಒಂದನ್ನೊಂದು ಒತ್ತಿಕೊಂಡು ಈ ಜಾರುವಿಕೆಯನ್ನು ಬಿಗಿ ಮಾಡುತ್ತವೆ, ಸಡಿಲ ಮಾಡುತ್ತವೆ. ಇದಕ್ಕೆ ಡ್ರ್ಯಾಗ್ ಎಂದು ಹೆಸರು. ಡಬ್ಬಿಯ ಮೇಲೆ 'ಗರಿಷ್ಠ ಡ್ರ್ಯಾಗ್ 11 ಕಿಲೋ' ಎಂದಿರುತ್ತದೆ. ದೇವದತ್ತನಿಗೆ ರೋಮಾಂಚನ. ಆದರೆ ಅವನ ದಾರ ಇಪ್ಪತ್ತು ಪೌಂಡಿನದು, ಅಂದರೆ 9 ಕಿಲೋಗೆ ತುಂಡಾಗುವಂಥದ್ದು. ರೀಲು 11ಕ್ಕೆ ಬಿಡುತ್ತದೆ, ದಾರ 9ಕ್ಕೇ ಪ್ರಾಣ ಬಿಡುತ್ತದೆ. ಬಲ್ಲವರು ಡ್ರ್ಯಾಗನ್ನು ದಾರದ ಬಲದ ಕಾಲು ಭಾಗದಿಂದ ಮೂರರಲ್ಲೊಂದು ಭಾಗದೊಳಗೆ ಇಡುತ್ತಾರೆ. ಎರಡೂಕಾಲರಿಂದ ಮೂರು ಕಿಲೋ. ಮೂರು ಕಿಲೋ ಕಡಿಮೆಯಾಯಿತು ಎನ್ನುವವರು ಎಂಟಡಿ ಕೋಲಿನ ತುದಿಗೆ ಮೂರು ಲೀಟರ್ ನೀರಿನ ಕೊಡಪಾನ ಕಟ್ಟಿ, ಪಾಚಿ ಬಂಡೆಯ ಮೇಲೆ ನಿಂತು ಎತ್ತಿ ನೋಡಲಿ.

ಗರಿಷ್ಠದ ಅಂಕಿಗಿಂತ ಮುಖ್ಯವಾದ್ದು ಡ್ರ್ಯಾಗಿನ ನಯ. ಈ ಕುರಿತು ನಡೆಸಿದ ಪ್ರಯೋಗದ ವಿವರ ಇಲ್ಲಿದೆ. ನಮ್ಮ ಓಣಿಗೆ ಆಗಾಗ ಬರುವ ಗುಜರಿಯವರನ್ನು ನಿಲ್ಲಿಸಿ, ಅವರ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಗೆ ನನ್ನ ಹಳೆಯ ರೀಲಿನ ದಾರ ಕಟ್ಟಿದೆ. ಅವರು ಬಾವಿಕಟ್ಟೆಯ ಹತ್ತಿರ, ನಾನು ರಾಡು ಬಾಗಿಸಿಕೊಂಡು ತುಳಸಿಕಟ್ಟೆಯ ಹತ್ತಿರ. "ಎಳೀರಿ" ಎಂದೆ. ಮುಳ್ಳು ಒಂದಾಯಿತು, ಎರಡಾಯಿತು, ಮೂರು, ನಾಲ್ಕು, ರೀಲು ಮಿಸುಕಲಿಲ್ಲ. ಹಠಾತ್ತನೆ 'ಟರ್ರ್' ಎಂದು ಜಾರಿ ಮುಳ್ಳು ಎರಡಕ್ಕೆ ಬಿತ್ತು. ಮತ್ತೆ ಕಚ್ಚಿಕೊಂಡು ನಾಲ್ಕು. ಮತ್ತೆ ಎರಡು. ಒಳಗೆ ಒಣಗಿ ಗಟ್ಟಿಯಾದ ಫೆಲ್ಟ್ ಬಿಲ್ಲೆಗಳ ಪ್ರತಾಪ. ದಾರ ತುಂಡಾಗುವುದು ಈ ಕುಲುಕಿಗೆ. ಮುರು ಮೀನು ಕಚ್ಚಿದ ಕೂಡಲೇ ಬಂಡೆಯ ಸಂದಿಗೆ ನುಗ್ಗುತ್ತದೆ. ಕಾರವಾರದ ಕಡೆ ಚೊಣಕ್ ಎನ್ನುವ ಬಾರಾಮುಂಡಿ ನೀರಿನಿಂದ ಎಗರಿ ತಲೆ ಕೊಡವುತ್ತದೆ. ಎರಡಕ್ಕೂ ಬೇಕಾದ್ದು ಮೊದಲ ಗೇಣಿನಲ್ಲೇ ಅಳುಕದೆ ಬಿಡುವ ರೀಲು. ನೆರೆಮನೆಯ ಹುಡುಗನಿಂದ ಎರವಲು ತಂದ, ಕಾರ್ಬನ್ ಬಿಲ್ಲೆಗಳ ಇನ್ನೊಂದು ರೀಲನ್ನು ಕಟ್ಟಿ ಎಳೆಸಿದೆ. ಮುಳ್ಳು ಎರಡೂವರೆಗೆ ಬಂದು ನಿಂತದ್ದು ನಿಂತೇ ಇತ್ತು, ಗುಜರಿಯವರು ಮಾತ್ರ ಹಿಂದೆ ಹಿಂದೆ ನಡೆದು ಗೇಟು ದಾಟಿದರು.

ಪ್ರಯೋಗ ಮುಗಿದ ಮೇಲೆ ಅವರು ಹಳೆಯದನ್ನು ಕೈಯಲ್ಲಿ ತೂಗಿ ಕೇಳಿದರು: "ಇದನ್ನ ಹಾಕುದಾ?" ನಾನು ಉತ್ತರಿಸುವಷ್ಟರಲ್ಲಿ ಮುಂದುವರಿಸಿದರು. "ಹಾಕುದಾದ್ರೆ ಬಿಚ್ಚಿ ಕೊಡಿ. ಅಲ್ಯೂಮಿನಿಯಂ ರೇಟ್ ಬೇರೆ, ಕಬ್ಬಿಣ ರೇಟ್ ಬೇರೆ." ರೀಲಿನೊಳಗಿನ ಲೋಹಗಳನ್ನು ಬೇರೆ ಬೇರೆಯಾಗಿ ನೋಡಬೇಕೆಂಬ ಮುಂದಿನ ಪ್ರಕರಣದ ಬೀಜ ಇದೇ.

ಪ್ರಮಾಣಗಳ ಬಗ್ಗೆ ಒಂದು ಮಾತು. ಮೀನಿದೆ ಎಂಬುದಕ್ಕೆ ಸಾಕ್ಷ್ಯವೇನು? ಪ್ರತ್ಯಕ್ಷವಿಲ್ಲ, ನಮ್ಮ ಅಳಿವೆಯ ನೀರು ಮಳೆಗಾಲವಿಡೀ ಚಹಾದ ಬಣ್ಣ. ಅನುಮಾನವಿದೆ, ತರ್ಕಶಾಸ್ತ್ರದ ಅರ್ಥದಲ್ಲೂ, ಮನೆಯವರ ಅರ್ಥದಲ್ಲೂ. ಉಳಿದದ್ದು ಶಬ್ದಪ್ರಮಾಣ. ಡ್ರ್ಯಾಗ್ ಜಾರುವಾಗ ಬರುವ ಆ 'ಝರ್ರ್' ಸದ್ದಿಗಾಗಿ ಜನ ಆಸ್ತಿ ಮಾರಬಲ್ಲರು. ಬಂಡೆಗೆ ಕೊಕ್ಕೆ ಸಿಕ್ಕಿಕೊಂಡು ರಾಡು ಎಳೆದಾಗಲೂ ಅದೇ ಸದ್ದು ಬರುತ್ತದೆಂಬುದು ಈ ಪ್ರಮಾಣದ ದೌರ್ಬಲ್ಯ. ಕೊನೆಗೆ ಅರ್ಥಾಪತ್ತಿ: ಹಗಲು ಉಣ್ಣದ ದೇವದತ್ತ ದಪ್ಪಗಿದ್ದರೆ ರಾತ್ರಿ ಉಣ್ಣುತ್ತಾನೆಂದು ತಿಳಿಯಬೇಕು. ಹಾಗೆಯೇ ಕೆಟ್ಟ ರೀಲು ಹಿಡಿದು ಹೋದ ದೇವದತ್ತ ಸಂಜೆ ಒಂದು ಕಿಲೋ ಬಂಗುಡೆ ತಂದರೆ, ಗಂಗೊಳ್ಳಿ ಬಂದರಿನ ಮೇಲೆ ಬಂದಿದ್ದಾನೆಂದು ತಿಳಿಯಬೇಕು.

ಲವಣಪ್ರಕರಣ, ಅಥವಾ ಮುದ್ರಾವಾದಿಗಳ ಮತ

ಸೂತ್ರ 9: ಕಡಲು ಒಳಗೆ ಬಂದೇ ಬರುತ್ತದೆ.

ವ್ಯಾಖ್ಯೆ: ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಮು ಉಪ್ಪಿರುತ್ತದೆ. ನನ್ನ ಮೊದಲ ರೀಲನ್ನು (ಯಾರ ತಯಾರಿಕೆ ಎಂದು ಹೇಳುವುದಿಲ್ಲ, ಸತ್ತವರ ಬಗ್ಗೆ ಆಡಬಾರದು) ಕೊಂಡದ್ದು ಬಣ್ಣ ನೋಡಿ. ಮೂರು ಸಲ ಕಡಲಿಗೆ ಹೋಗಿಬಂದ ಮೇಲೆ ಅದು ಕಾಫಿಬೀಜ ಹುರಿಯುವ ಯಂತ್ರದಂತೆ ಕರಕರ ಎನ್ನತೊಡಗಿತು. ಜಗುಲಿಯಲ್ಲಿ ಪೇಪರ್ ಹಾಸಿ, ಪಕ್ಕದ ಮುಚ್ಚಳ ಬಿಚ್ಚಿದೆ. ಎಲ್ಲಿಂದಲೋ ಒಂದು ಸ್ಪ್ರಿಂಗು 'ಟಿಂಗ್' ಎಂದು ಹಾರಿ ಕಾಣೆಯಾಯಿತು. ಒಳಗೆ ಗ್ರೀಸು ನೀರು ಕುಡಿದು ಬೆಣ್ಣೆಯಂತೆ ಬೆಳ್ಳಗಾಗಿತ್ತು. ಹಿತ್ತಾಳೆಯ ಸಣ್ಣ ಹಲ್ಲುಚಕ್ರಕ್ಕೆ ಹುಳಿ ಹಾಕಿಟ್ಟ ಚೊಂಬಿನಂತೆ ಹಸಿರು ಕಿಲುಬು. ಬೇರಿಂಗು ಕುಂಕುಮದ ಬಣ್ಣ. ಸ್ಟೀಲಿನ ಸ್ಕ್ರೂ ಅಲ್ಯೂಮಿನಿಯಂ ಮೈಗೆ ತಾಗಿದ ಕಡೆಯಲ್ಲೆಲ್ಲ ಬಿಳಿ ಬೂದಿ ಕೂತಿತ್ತು. ಎರಡು ಬೇರೆ ಲೋಹಗಳ ನಡುವೆ ಉಪ್ಪುನೀರು ಬಂದರೆ ಅಲ್ಲೊಂದು ಪುಟ್ಟ ಬ್ಯಾಟರಿಯೇ ಹುಟ್ಟಿ, ಹೆಚ್ಚು ಕ್ರಿಯಾಶೀಲವಾದ ಲೋಹ ಕರಗುತ್ತಾ ಹೋಗುತ್ತದೆ. ಹಾರಿದ ಸ್ಪ್ರಿಂಗು ಎರಡು ವಾರದ ಮೇಲೆ ಅಮ್ಮನ ಹಿಡಿಸೂಡಿಯ ಕಡ್ಡಿಗಳ ನಡುವೆ ಸಿಕ್ಕಿತು. ಅಷ್ಟರಲ್ಲಿ ರೀಲಿನ ತಿಥಿ ಮುಗಿದಿತ್ತು.

ಈ ಅನುಭವದಿಂದ ನಾನು ಮುದ್ರಾವಾದಿಯಾದೆ. ರಬ್ಬರು ಮುದ್ರೆ ಹಾಕಿ, ಅಂದರೆ ಸೀಲು ಮಾಡಿ, ನೀರು ಒಳಬರದಂತೆ ತಡೆಯಬೇಕೆಂಬುದು ಈ ಮತ. ಇವರ ಬೀಜಮಂತ್ರ 'ಐಪಿಎಕ್ಸ್'. ಅದರ ಮುಂದೆ ಒಂದು ಅಂಕಿ ಇರುತ್ತದೆ. 5 ಎಂದರೆ ಪೈಪಿನಲ್ಲಿ ನೀರು ಹಾಯಿಸಿದರೂ ತಾಳೀತು. 6 ಎಂದರೆ ಇನ್ನೂ ಜೋರಿನ ನೀರು. 7 ಎಂದರೆ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟರೂ ಕೆಡದು. ಪೆನ್ ಕಂಪನಿಯ ಸ್ಪಿನ್‌ಫಿಶರ್ ಆರನೆಯ ತಲೆಮಾರಿಗೆ 5, ಸ್ಲ್ಯಾಮರ್ ಮೂರನೆಯ ತಲೆಮಾರಿಗೆ 6 ಎಂದು ಬಿರುದಿದೆ. ಆದರೆ ಮುದ್ರಾವಾದಿಗಳು ಎರಡು ಸಂಗತಿ ಮುಚ್ಚಿಡುತ್ತಾರೆ. ಈ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ, ಹೊಸ ರಬ್ಬರಿಗೆ. ಉಪ್ಪು, ಮರಳು, ಎರಡು ಬೇಸಿಗೆ ಕಂಡ ರಬ್ಬರಿಗೆ ಯಾರೂ ಪರೀಕ್ಷೆ ಮಾಡಿ ಅಂಕ ಕೊಡುವುದಿಲ್ಲ. ಎರಡನೆಯದು, ನೀರು ಒಳಗೆ ಬರದಂತೆ ಕಾಯುವ ಮುದ್ರೆಯೇ, ಒಳಗೆ ಬಂದ ನೀರು ಹೊರಗೆ ಹೋಗದಂತೆಯೂ ಕಾಯುತ್ತದೆ.

ಆದ್ದರಿಂದ ಮಧ್ಯಮ ಮಾರ್ಗ. ಡ್ರ್ಯಾಗಿಗೂ ಮೈಗೂ ಸೀಲಿರುವುದನ್ನೇ ಕೊಳ್ಳಿ. ಬಿಡಿಭಾಗ ಸಿಗುತ್ತದೆಯೇ ಎಂದು ಹಣ ಕೊಡುವ ಮೊದಲು ಕೇಳಿ, ಕೊಟ್ಟ ಮೇಲೆ ಕೇಳಿದರೆ ಸ್ವರ ಬದಲಾಗಿರುತ್ತದೆ. ಮನೆಗೆ ಬಂದವರು ಕಾಲು ತೊಳೆಯುವ ಮೊದಲು ರೀಲು ತೊಳೆಯಿರಿ. ಡ್ರ್ಯಾಗಿನ ಗುಂಡಿಯನ್ನು ಮೊದಲು ಬಿಗಿ ಮಾಡಿ, ಹೂವಿನ ಗಿಡಕ್ಕೆ ಚಿಮುಕಿಸುವಂತೆ ಸಿಹಿನೀರು ಚಿಮುಕಿಸಿ. ಜೋರಾಗಿ ಪೈಪು ಹಿಡಿದರೆ ಹೊರಗಿನ ಉಪ್ಪನ್ನು ನೀವೇ ಒಳಗೆ ಕಳಿಸಿದಂತೆ. ಬಟ್ಟೆಯಲ್ಲಿ ಒರೆಸಿ, ನೆರಳಿನಲ್ಲಿ ಒಣಗಿಸಿ, ಆಮೇಲೆ ಡ್ರ್ಯಾಗು ಸಡಿಲ ಮಾಡಿ ಇಡಿ; ಬಿಗಿಯಾಗಿಯೇ ಬಿಟ್ಟರೆ ಬಿಲ್ಲೆಗಳು ಚಪ್ಪಟೆಯಾಗಿ ಅಂಟಿಕೊಳ್ಳುತ್ತವೆ. ಅಮ್ಮ ಇದನ್ನು ನೋಡಿ, "ಮದುವೆಯಾಗಿ ಇಷ್ಟು ವರ್ಷದಲ್ಲಿ ಒಂದು ಲೋಟ ತೊಳೆದದ್ದು ಕಾಣೆ" ಎಂದದ್ದನ್ನು ಶಾಸ್ತ್ರದ ವ್ಯಾಪ್ತಿಗೆ ಸೇರದ್ದೆಂದು ಕೈಬಿಟ್ಟಿದ್ದೇನೆ.

ಸಂಕೀರ್ಣಪ್ರಕರಣ

ಬಣ್ಣ: ಮೀನಿಗೆ ರೀಲು ಕಾಣುವುದಿಲ್ಲ. ಹಿಡಿ ಎಡಗೈಗೋ ಬಲಗೈಗೋ: ಬಹುಪಾಲು ರೀಲುಗಳಲ್ಲಿ ಬಿಚ್ಚಿ ಆಚೆ ಬದಿಗೆ ಹಾಕಬಹುದು, ಇದರ ಬಗ್ಗೆ ಪಂಥ ಕಟ್ಟುವ ಅಗತ್ಯವಿಲ್ಲ. ಹೆಣೆದ ದಾರವನ್ನು ನೇರ ಸುರುಳಿಗೆ ಸುತ್ತಬೇಡಿ, ನುಣುಪಾದ ಲೋಹದ ಮೇಲೆ ಪೂರ್ತಿ ಉಂಡೆಯೇ ಜಾರುತ್ತದೆ. ಅಡಿಯಲ್ಲಿ ನಾಲ್ಕು ಸುತ್ತು ತಂಗೂಸು, ಅಂದರೆ ನೈಲಾನ್ ದಾರ, ಹಾಕಿ. ಎಸೆದ ಮೇಲೆ ತಂತಿಯ ಬಳೆಯನ್ನು ಹಿಡಿ ತಿರುಗಿಸಿ ಮುಚ್ಚದೆ ಕೈಯಿಂದಲೇ ಮುಚ್ಚಿದರೆ ದಾರ ಗಂಟಾಗುವುದು ಎಷ್ಟೋ ಕಡಿಮೆ. ಸೂತ್ರ 10ರಿಂದ 13ರವರೆಗೆ ಉಪ್ಪುನೀರಿನ ಪಾಲು.

ಬೆಲೆಯ ವಿಚಾರದಲ್ಲಿ ನಮ್ಮ ಮನೆಯಲ್ಲಿ ರೂಪಾಯಿ ಚಲಾವಣೆಯಲ್ಲಿಲ್ಲ, ಅಂಜಲ್ ಮೀನಿನ ಮಾನವಿದೆ. ಎರಡನೆಯ ರೀಲಿನ ಬೆಲೆ ಹೇಳಿದಾಗ ಅಮ್ಮ ಬೆರಳು ಮಡಿಸಿ ಲೆಕ್ಕ ಹಾಕಿ, "ಹದಿನೈದು ಕಿಲೋ ಅಂಜಲ್" ಎಂದರು. ಸೀಸನ್ನಿನದೋ ಮಳೆಗಾಲದ್ದೋ ಎಂದು ಕೇಳಿದೆ. "ಮಳೆಗಾಲದ್ದು" ಎಂದರು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ದಡ ಬಿಡುವಂತಿಲ್ಲ. ಆಗ ಅಂಜಲ್ ಬೆಲೆ ಕೇಳುವುದೇ ಒಂದು ವಿಲಾಸ. ಆದುದರಿಂದ ನನ್ನ ರೀಲು ಸೀಸನ್ನಿನ ಮಾನದಲ್ಲಿ ಇನ್ನಷ್ಟು ಕಿಲೋ ತೂಗುತ್ತದೆ. ನಾನು ಬಾಯಿ ಮುಚ್ಚಿಕೊಂಡೆ.

ಶೂನ್ಯವಾದ ಖಂಡನೆ (ಅಪೂರ್ಣ)

ಸೂತ್ರ 14 ಪೂರ್ತಿ ಉಳಿದಿದೆ, ಆದರೆ ಅದು ನನ್ನದಲ್ಲ. ಸಂದರ್ಭ ಹೇಳುತ್ತೇನೆ.

ಸೌಪರ್ಣಿಕಾ, ವಾರಾಹಿ ಮೊದಲಾದ ಐದು ನದಿಗಳು ಸೇರಿ ಕಡಲಿಗೆ ಬೀಳುವ ಪಂಚಗಂಗಾವಳಿಯ ಅಳಿವೆ. ಈ ಬದಿ ಕೋಡಿ, ಆ ಬದಿ ಗಂಗೊಳ್ಳಿ. ಬೆಳಗಿನ ಇಳಿತ. ನಾನು 4000ದ, ಮುದ್ರಾಂಕಿತ, ಕಾರ್ಬನ್ ಬಿಲ್ಲೆಯ, ಹದಿನೈದು ಕಿಲೋ ಅಂಜಲಿನ ರೀಲು ಹಿಡಿದು ನಿಂತಿದ್ದೆ. ಹತ್ತು ಮಾರು ದೂರದಲ್ಲಿ ಒಬ್ಬ ಅಜ್ಜ. ತಲೆಗೆ ಮುಂಡಾಸು, ಕೈಯಲ್ಲಿ ಒಂದು ಲೀಟರಿನ ಖಾಲಿ ನೀರಿನ ಬಾಟಲಿ. ಬಾಟಲಿಯ ಹೊಟ್ಟೆಗೆ ತಂಗೂಸು ಸುತ್ತಿದೆ, ತುದಿಯಲ್ಲಿ ಸೀಸದ ಗುಂಡು, ಕೊಕ್ಕೆಯಲ್ಲಿ ಸಿಗಡಿ. ರೀಲನ್ನು ಒಪ್ಪದ ಇಂಥವರನ್ನು ಶೂನ್ಯವಾದಿಗಳೆಂದು ಕರೆದು, ಎರಡು ಪುಟದ ಖಂಡನೆ ಬರೆದಿಟ್ಟುಕೊಂಡಿದ್ದೆ.

ಅಜ್ಜ ಬಲಗೈಯಲ್ಲಿ ಗುಂಡನ್ನು ಗಿರಗಿರ ಬೀಸಿದರು. ಎಡಗೈಯ ಬಾಟಲಿಯನ್ನು ಬಾಯಿ ಕಡಲ ಕಡೆಗಿರುವಂತೆ ಮುಂದೆ ಚಾಚಿದರು. ಬಿಟ್ಟರು. ಬಾಟಲಿ ತಿರುಗಲಿಲ್ಲ. ಅಲುಗಲೂ ಇಲ್ಲ. ತಂಗೂಸು ಅದರ ಕುತ್ತಿಗೆಯ ಮೇಲಿಂದ ಸುರುಳಿ ಸುರುಳಿಯಾಗಿ ಕಳಚಿಕೊಂಡು ಹಾರಿಹೋಯಿತು. ಬ್ರ್ಯಾಡ್‌ಫರ್ಡಿನ ಕದಿರು, 1905ರ ಪೇಟೆಂಟು, ಪದನಿಷ್ಪತ್ತಿ ಪ್ರಕರಣದ ಎರಡನೆಯ ಪ್ಯಾರಾ, ಎಲ್ಲ ಆ ಬಾಟಲಿಯ ಕುತ್ತಿಗೆಯಲ್ಲಿತ್ತು. ನಾನು ಖಂಡನೆಯ ಎರಡು ಪುಟವನ್ನು ಮಡಿಚಿ ಜೇಬಿಗೆ ಹಾಕಿದೆ.

ಐದು ನಿಮಿಷಕ್ಕೆ ಅಜ್ಜನ ದಾರ ಬಿಗಿಯಿತು. ಏನೋ ಎಳೆಯುತ್ತಿತ್ತು, ಸಣ್ಣದಲ್ಲ. ಅಜ್ಜ ತೋರುಬೆರಳಿನ ಮೇಲೆ ದಾರ ಜಾರಬಿಟ್ಟರು, ಹಿಡಿದರು, ಮತ್ತೆ ಬಿಟ್ಟರು. ಹತ್ತಿರ ಹೋಗಿ ನೋಡಿದರೆ ಬೆರಳಿಗೆ ಉಂಗುರದಂತೆ ಹಳೆಯ ಸೈಕಲ್ ಟ್ಯೂಬಿನ ತುಂಡು ಹಾಕಿಕೊಂಡಿದ್ದರು. ಬಿಲ್ಲೆ ಒಂದೇ, ರಬ್ಬರಿನದು. ಗುಜರಿಯವರ ತಕ್ಕಡಿ ಕಟ್ಟಿ ಎಳೆದಿದ್ದರೆ ಮುಳ್ಳು ಅಲುಗುತ್ತಿರಲಿಲ್ಲವೆಂದು ನನ್ನ ನಂಬಿಕೆ. ಸೈಕಲ್ ಗೋತ್ರ ಇಲ್ಲೂ ಇದೆಯಲ್ಲ ಎಂದು ವಿದ್ವತ್ತಿನ ಪುಳಕವಾಯಿತು. ಮೀನು ದಡಕ್ಕೆ ಬಂತು. ಬೆಳ್ಳಿ ಮೈ, ಎರಡು ಕಿಲೋ ಇರಬಹುದು. ಹೆಸರು ಕೇಳಲು ನಾಚಿಕೆಯಾಯಿತು. ನನ್ನ ಹನ್ನೊಂದರಲ್ಲಿ ಅದಿರಲಿಲ್ಲ.

"ಹ್ವಾಯ್, ಅದ್ ಕಾಂಬ" ಎಂದು ಅಜ್ಜ ನನ್ನ ರೀಲಿಗೆ ಕೈ ಚಾಚಿದರು. ಕೊಟ್ಟೆ. ಮೂವತ್ತೈದು ರೀಲುಗಳನ್ನು ಏಳು ತಿಂಗಳು ತುಲನೆ ಮಾಡಿ ಆರಿಸಿದ್ದನ್ನು ಒಬ್ಬ ಬಲ್ಲವರ ಕೈಗೆ ಕೊಡುವಾಗಿನ ಎದೆಬಡಿತ ಮಗಳನ್ನು ನೋಡಲು ಬಂದವರ ಮುಂದಿನದು. ಅಜ್ಜ ಹಿಡಿ ತಿರುಗಿಸಿದರು, ಕಿವಿಯ ಹತ್ತಿರ ಹಿಡಿದು ಕೇಳಿದರು. ಡ್ರ್ಯಾಗಿನ ಗುಂಡಿ ಮುಟ್ಟಲಿಲ್ಲ. ಬೇರಿಂಗು ಎಷ್ಟೆಂದು ಕೇಳಲಿಲ್ಲ. ತೋಳಿನ ತುದಿಯ ಉರುಳೆಯ ಮೇಲೆ ಹೆಬ್ಬೆರಳು ಒತ್ತಿ ಉಜ್ಜಿ, ಆ ಬೆರಳನ್ನು ನಾಲಿಗೆಗೆ ತಾಗಿಸಿದರು.

"ಉಪ್ಪ್ ಇತ್ತ್" ಎಂದರು. "ನಿನ್ನೆದ್. ತೊಳ್ದಿಲ್ಲ."

ನಿನ್ನೆ ಸಂಜೆ ಈ ಗ್ರಂಥದ ಲವಣಪ್ರಕರಣ ಬರೆಯುವ ಅವಸರದಲ್ಲಿ ಮರೆತಿದ್ದೆ.